ಸಿಜೇರಿಯನ್ ಕೂಸಿನ ಹೊಟ್ಟ್ಯಾಗ ಒಳ್ಳೆ ಬ್ಯಾಕ್ಟೀರಿಯಾನೇ ಇರಂಗಿಲ್ಲಂತ, ಖರೇ ಏನ್ರಿ?

ಕೂಸಿನವ್ವ, ಕಲಬುರಗಿ

ಎಲ್ಲಾರಿಗೂ ನಮಸ್ಕಾರ್ರಿ. ನಾ ಇಲ್ಲಿ ಖಾಲಿ ಓದ್ಕೋತ ಇರಾಕಿ, ಬರಿಯೋದು ಇದೇ ಮೊದಲು, ಉದ್ದ ಆದ್ರ ಬ್ಯಾಸರ ಮಾಡ್ಕೋಬ್ಯಾಡ್ರಿ. ನನ್ನ ಮಗಳಿಗಿ ಎರಡು ತಿಂಗಳು ತುಂಬಿ ಮೂರರಾಗ ನಡದದ, ಸಿಜೇರಿಯನ್ ಆಗಿ ಹುಟ್ಟ್ಯಾಳ, ಈಗ ತವರುಮನ್ಯಾಗ ಅದೀನಿ. ಆಪರೇಶನ್ ಆದ ಮ್ಯಾಲ ನಂಗ ಜಲ್ದಿ ಹಾಲು ಬರ್ಲಿಲ್ಲ, ದವಾಖಾನಿಯಾಗ ಯಾರೂ ಬಾಜೂಕ ಕುಂತು ಹಿಂಗ ಎದಿಗಿ ಹಚ್ಚಬೇಕು ಅಂತ ತೋರಿಸ್ಲಿಲ್ಲ, ಸೀದಾ ಪೌಡರ್ ಹಾಲಿನ ಚೀಟಿ ಬರದು ಕೈಯಾಗ ಕೊಟ್ರು. ಮನಿಗಿ ಬಂದ ಮ್ಯಾಲ ಹಾಲು ಬಂದಾವ, ಹಗಲೆಲ್ಲ ನಾನೇ ಕುಡಿಸ್ತೀನಿ, ಆದ್ರ ರಾತ್ರಿ ಭಾಳ ಅಳ್ತಾಳಂತ ನಮ್ಮವ್ವ ಒಂದು ಬಾಟ್ಲಿ ಡಬ್ಬಿ ಹಾಲು ಹಾಕೇ ಹಾಕ್ತಾಳ.

ಈಗ ನಮ್ಮ ನೆಗೆಣ್ಣಿ ವಾಟ್ಸಾಪ್‌ನಾಗ ಒಂದು ವಿಡಿಯೋ ಕಳ್ಸ್ಯಾಳ, ಅದ್ರಾಗ ಒಬ್ಬಾವ ಬಿಳಿ ಕೋಟು ಹಾಕ್ಕೊಂಡು ಹೇಳ್ತಾನ, ಸಿಜೇರಿಯನ್ ಆದ ಮಕ್ಕಳಿಗಿ ತಾಯಿ ಕಡಿಂದ ಬರೋ ಒಳ್ಳೆ ಬ್ಯಾಕ್ಟೀರಿಯಾ ಬರೋದೇ ಇಲ್ಲ, ಮ್ಯಾಲ ಡಬ್ಬಿ ಹಾಲು ಕೊಟ್ರ ಮುಗದೇ ಹೋಯ್ತು, ಮುಂದ ದಮ್ಮು, ಅಲರ್ಜಿ, ಬೊಜ್ಜು, ಶುಗರ್ ಎಲ್ಲಾ ಬರ್ತದಂತ, ಕಡೀಗಿ ಒಂದು ಡ್ರಾಪ್ಸಿನ ಬಾಟ್ಲಿ ತೋರಿಸ್ತಾನ. ಅದನ್ನ ನೋಡಿದಾಗಿಂದ ನಿದ್ದಿ ಇಲ್ರಿ ನಂಗ. ಇತ್ಲಾಗ ನಮ್ಮತ್ತಿ ಫೋನ್ ಮಾಡಿದಾಗೊಮ್ಮೆ ಕಲಬುರಗಿ ಬಿಸಲಾಗ ಕೂಸಿನ ಗಂಟ್ಲು ಒಣಗ್ತದ ಎರಡು ಚಮಚ ನೀರು ಹಾಕು, ಗುಟ್ಟಿ ತೇಯ್ದು ಕುಡಸು, ನಾಲಿಗ್ಗಿ ಜೇನು ಹಚ್ಚು ಅಂತಾರ. ಒಬ್ಬರು ಏನೂ ಕೊಡಬ್ಯಾಡ ಅಂತಾರ, ಒಬ್ಬರು ಎಲ್ಲಾ ಕೊಡು ಅಂತಾರ. ಆ ಬ್ಯಾಕ್ಟೀರಿಯಾ ಸುದ್ದಿ ಎಷ್ಟು ಖರೇ, ನಾ ಈಗ ಏನ್ ಮಾಡ್ಲಿ, ತಿಳದವರು ಜರಾ ಹೇಳ್ರಿ.

ಹುಮನಾಬಾದ್_ಮಾಸ್ತರ

ಅಕ್ಕಾರ, ಮೊದಲು ನಿದ್ದಿ ಮಾಡ್ರಿ. ಆ ವಿಡಿಯೋದಾಗ ಅರ್ಧ ಖರೇ ಅದ, ಇನ್ನರ್ಧ ಹೆದರ್ಸಿ ಸಾಮಾನು ಮಾರೋ ಮಾತು. ನಾ ಡಾಕ್ಟರ್ ಅಲ್ಲ, ಗುಲ್ಬರ್ಗಾ ಯೂನಿವರ್ಸಿಟಿಯಾಗ ಮೈಕ್ರೋಬಯಾಲಜಿ ಓದಿ ಈಗ ಡಿಗ್ರಿ ಕಾಲೇಜಿನಾಗ ಪಾಠ ಹೇಳಾವ, ಹಂಗಾಗಿ ಔಷಧದ ಮಾತು ನಿಮ್ಮ ಡಾಕ್ಟರಿಗಿ ಬಿಟ್ಟು ಬ್ಯಾಕ್ಟೀರಿಯಾದ ಮಾತಷ್ಟೇ ಬರೀತೀನಿ. ಉದ್ದ ಆಗ್ತದ, ಮಾಸ್ತರಕಿ ಚಟ.

ಖರೇ ಯಾವುದಂದ್ರ, ಸಹಜ ಹೆರಿಗಿ ಆದ ಕೂಸು ಬರೋ ದಾರಿಯಾಗೇ ತಾಯಿ ಕರುಳಿನ ಬ್ಯಾಕ್ಟೀರಿಯಾ ಬಾಯಿಗಿ ಹತ್ತಿಸ್ಕೊಂಡು ಬರ್ತದ. ಸಿಜೇರಿಯನ್‌ನಾಗ ಆ ದಾರಿ ತಪ್ತದ, ಅದ್ರ ಮ್ಯಾಲ ತಾಯಿಗಿ ಆಂಟಿಬಯಾಟಿಕ್ ಬ್ಯಾರೆ ಕೊಟ್ಟಿರ್ತಾರ (ಅದು ಬೇಕೇ ಬೇಕು, ಇಲ್ಲಂದ್ರ ಹೊಲಿಗಿ ಕೀವು ಆಗ್ತದ, ಅದನ್ನ ಬೈಯಬ್ಯಾಡ್ರಿ). 2019ರಾಗ ಬ್ರಿಟನ್‌ನಾಗ 596 ಕೂಸುಗಳ ಸಂಡಾಸ ತಗೊಂಡು ಅದ್ರಾಗಿನ ಬ್ಯಾಕ್ಟೀರಿಯಾದ ಡಿಎನ್‌ಎ ಓದಿದ ಸ್ಟಡಿ ನೇಚರ್ ಪತ್ರಿಕಾದಾಗ ಬಂತು. ಸಿಜೇರಿಯನ್ ಕೂಸುಗಳಾಗ ಬ್ಯಾಕ್ಟಿರಾಯ್ಡಿಸ್ ಅನ್ನೋ ಜಾತಿ ಭಾಳ ಕಮ್ಮಿ ಇತ್ತು, ದವಾಖಾನಿ ಹವಾದಾಗ ಇರೋ ಎಂಟೆರೊಕಾಕಸ್, ಕ್ಲೆಬ್ಸಿಯೆಲ್ಲಾ ಅಂತವು ಜಾಸ್ತಿ ಇದ್ದವು. ಆದ್ರ ವಿಡಿಯೋದವ ನುಂಗಿ ಹಾಕಿದ ಮಾತು ಇಲ್ಲಿ ಅದ: ಅವೇ ಮಕ್ಕಳನ್ನ ಆರರಿಂದ ಒಂಬತ್ತು ತಿಂಗಳಿಗಿ ಮತ್ತ ನೋಡಿದಾಗ ಆ ಬ್ಯಾಕ್ಟಿರಾಯ್ಡಿಸ್ ಒಂದು ಬಿಟ್ರ ಉಳಿದ ಫರಕು ಬಹಳಷ್ಟು ಅಳಿಸಿ ಹೋಗಿತ್ತು.

ದಮ್ಮಿನ ಸುದ್ದಿನೂ ಹಂಗೇ. ಸಿಜೇರಿಯನ್ ಮಕ್ಕಳಾಗ ದಮ್ಮು ಸ್ವಲ್ಪ ಜಾಸ್ತಿ ಕಾಣ್ತದ ಅನ್ನೋದು ಖರೇ, ಆದ್ರ ಡೆನ್ಮಾರ್ಕ್‌ನಾಗ 700 ಮಕ್ಕಳನ್ನ ವರ್ಷಗಟ್ಲೆ ಹಿಂದ ಬಿದ್ದು ನೋಡಿದ್ರು, 2020ರಾಗ ಅದು ಛಾಪ ಆಯ್ತು. ಒಂದು ವರ್ಷ ತುಂಬೋದ್ರಾಗ ಹೊಟ್ಟ್ಯಾನ ಬ್ಯಾಕ್ಟೀರಿಯಾ ವಯಸ್ಸಿಗಿ ತಕ್ಕಂಗ ಬೆಳದ ಸಿಜೇರಿಯನ್ ಮಕ್ಕಳಾಗ ದಮ್ಮಿನ ಹೆಚ್ಚಿನ ರಿಸ್ಕು ಕಾಣಲಿಲ್ಲ, ವರ್ಷ ಆದ್ರೂ ಹಳೇ ಗುರುತು ಹಂಗೇ ಉಳಕೊಂಡ ಮಕ್ಕಳಾಗಷ್ಟೇ ಕಂಡಿತು. ಅಂದ್ರ ಹುಟ್ಟಿದ ದಿನಕ್ಕ ಹಣೆಬರಹ ಬರದು ಮುಗದಿಲ್ಲ, ಮೊದಲ ವರ್ಷ ಪೂರಾ ನಿಮ್ಮ ಕೈಯಾಗ ಅದ. ಮತ್ತ ಬೊಜ್ಜು, ಶುಗರ್ ಅಂತೆಲ್ಲಾ ಹೇಳೋ ಸ್ಟಡಿಗಳಾಗ ತಾಯಿ ತೂಕ, ಮನಿ ಊಟ, ಸಿಜೇರಿಯನ್ ಯಾಕ ಆಯ್ತು ಅನ್ನೋ ಕಾರಣ, ಎಲ್ಲಾ ಕಲಸಿಕೊಂಡಿರ್ತಾವ, ಇದ್ರಿಂದಾನೇ ಅದು ಅಂತ ಬೆರಳು ತೋರಿಸ್ಲಾಕ ಬರಂಗಿಲ್ಲ.

ಈಗ ಹಾಲಿನ ಸುದ್ದಿಗಿ ಬರ್ತೀನಿ, ನಂಗ ಎಲ್ಲಾಕಿಂತ ಖುಷಿ ಕೊಡೋ ಪಾಠ ಇದೇ. ಎದಿ ಹಾಲಿನಾಗ ಲ್ಯಾಕ್ಟೋಸ್ ಸಕ್ಕರಿ, ಆಮ್ಯಾಲ ಕೊಬ್ಬು, ಅವೆರಡು ಬಿಟ್ರ ಎಲ್ಲಾಕಿಂತ ಜಾಸ್ತಿ ಇರೋ ಘನ ಪದಾರ್ಥ ಆಲಿಗೋಸ್ಯಾಕರೈಡ್ ಅನ್ನೋ ಸಕ್ಕರಿ ಸರಪಳಿಗಳು. 200ರ ತನಕ ನಮೂನಿ ಗುರುತಿಸ್ಯಾರ, ಒಂದು ಲೀಟರ್‌ನಾಗ 5ರಿಂದ 15 ಗ್ರಾಂ, ಹುಟ್ಟಿದ ಹೊಸದಾಗಿ ಬರೋ ಹಳದಿ ಹಾಲಿನಾಗ 20 ಗ್ರಾಂ ದಾಟ್ತದ. ಆಕಳ ಹಾಲಿನಾಗ ನಾಮ್‌ಕೇವಾಸ್ತೆ. ಮೋಜು ಏನಂದ್ರ ಕೂಸಿಗಿ ಇದನ್ನ ಅರಗಿಸ್ಕೊಳ್ಳಾಕ ಬರೋದೇ ಇಲ್ಲ! ತಾಯಿ ಮೈ ಸವಿಸಿ ಮಾಡಿದ ಸಕ್ಕರಿ ಕೂಸಿನ ಹೊಟ್ಟ್ಯಾಗ ಹೋಗಿ ಹಂಗೇ ದೊಡ್ಡ ಕರುಳಿಗಿ ಇಳೀತದ, ಅಲ್ಲಿ ಕಾಯ್ಕೋತ ಕುಂತ ಬಿಫಿಡೋಬ್ಯಾಕ್ಟೀರಿಯಂ ಅದನ್ನ ತಿಂತದ. ಅಂದ್ರ ಹಾಲಿನಾಗ ಒಂದು ಪಾಲು ಕೂಸಿಗಲ್ಲ, ಅದ್ರ ಬ್ಯಾಕ್ಟೀರಿಯಾಕ್ಕ ಅಂತಲೇ ಇಟ್ಟಿದ್ದು. ಈ ಬ್ಯಾಕ್ಟೀರಿಯಾನ ಪ್ಯಾರಿಸ್ಸಿನ ಪಾಸ್ಚರ್ ಇನ್‌ಸ್ಟಿಟ್ಯೂಟಿನಾಗ ಹೆನ್ರಿ ಟಿಸಿಯೆ ಅನ್ನಾವ 1899ರ ಹೊತ್ತಿಗೇ ಎದಿ ಹಾಲು ಕುಡಿಯೋ ಕೂಸಿನ ಸಂಡಾಸದಾಗ ನೋಡಿದ್ದ, ಆದ್ರ ಇದ್ರಾಗ ಇನ್ಫಾಂಟಿಸ್ ಅನ್ನೋ ಒಂದು ತಳಿಗಿ ಆ ಸರಪಳಿ ಪೂರಾ ಕಡದು ತಿನ್ನೋ ಜೀನುಗಳು ಸಾಲಾಗಿ ಅವ ಅಂತ ಗೊತ್ತಾಗಿದ್ದು 2008ರಾಗ, ಕ್ಯಾಲಿಫೋರ್ನಿಯಾದ ಡೇವಿಸ್‌ನವರು ಜೀನೋಮ್ (ಅದ್ರ ಎಲ್ಲಾ ಜೀನುಗಳ ಬರಹ) ಓದಿದಾಗ.

ತಿಂದು ಅದು ಸುಮ್ಮ ಕೂಡಂಗಿಲ್ಲ, ಅಸಿಟಿಕ್ ಮತ್ತ ಲ್ಯಾಕ್ಟಿಕ್ ಆಸಿಡ್ ಬಿಡ್ತದ, ಕರುಳು ಹುಳಿ ಆಗ್ತದ, ಹುಳಿಯಾಗ ಜುಲಾಬು ತರೋ ಬ್ಯಾಕ್ಟೀರಿಯಾಕ್ಕ ಬೆಳೀಲಾಕ ಆಗಂಗಿಲ್ಲ. ಮಳಿ ಛಲೋ ಆಗಿ ತೊಗರಿ ದಟ್ಟ ಬಂದ ಹೊಲದಾಗ ಕಸಕ್ಕ ಜಾಗ ಎಲ್ಲಿ ಸಿಗ್ತದ್ರಿ, ಹಂಗ. ದೊಡ್ಡವರ ಹೊಟ್ಟ್ಯಾಗ ನೂರಾರು ಜಾತಿ ಇದ್ರ ಛಲೋ ಅಂತಾರಲ್ಲ, ಕೂಸಿನಾಗ ಅದು ಉಲ್ಟಾ, ಮೊದಲ ತಿಂಗಳುಗಳಾಗ ಕೆಲವೇ ಜಾತಿ ರಾಜ್ಯ ಆಳಿದ್ರ ಅದೇ ಆರೋಗ್ಯ. ಡಬ್ಬಿ ಹಾಲು ಕುಡಿಯೋ ಕೂಸಿನ ಹೊಟ್ಟ್ಯಾಗ ಜಾತಿ ಜಾಸ್ತಿ, ದೊಡ್ಡವರ ಹೊಟ್ಟಿ ಹಂಗ ಜಲ್ದಿ ಆಗ್ತದ. ಸ್ವೀಡನ್‌ನಾಗ 98 ತಾಯಿ-ಮಕ್ಕಳ ಮ್ಯಾಲ 2015ರಾಗ ಬಂದ ಸ್ಟಡಿ ಪ್ರಕಾರ ಹೊಟ್ಟಿ ದೊಡ್ಡವರ ಕಡಿ ತಿರುಗೋದು ಊಟ ಶುರು ಮಾಡಿದಾಗ ಅಲ್ಲ, ಎದಿ ಹಾಲು ಬಿಡಿಸಿದಾಗ.

ಹಂಗಾಗಿ ನಿಮ್ಮ ಪ್ರಶ್ನೆಕ್ಕ ನನ್ನ ಉತ್ತರ: ಹುಟ್ಟೋ ದಾರಿ ಆಗಿ ಹೋಯ್ತು, ಅದನ್ನ ಚಿಂತಿ ಮಾಡಿ ಫಾಯ್ದಾ ಇಲ್ಲ. ನಿಮ್ಮ ಕೈಯಾಗ ಇರೋ ದೊಡ್ಡ ಹತಾರ ಎದಿ ಹಾಲೇ, ಅದು ಹಗಲೆಲ್ಲ ನಡದೇ ಅದ. ರಾತ್ರಿ ಬಾಟ್ಲಿ ಬಿಡಿಸ್ಲಾಕ ಬಂದ್ರ ಬಿಡಸ್ರಿ, ಬರ್ಲಿಲ್ಲಂದ್ರ ಇರೋ ಎದಿ ಹಾಲೂ ಲೆಕ್ಕಕ್ಕ ಬರ್ತದ, ಸೊನ್ನಿ ಆಗಂಗಿಲ್ಲ.

ಭಾಲ್ಕಿ_ಅಕ್ಕ

ಮಾಸ್ತರ್ರು ಚೊಲೋ ಹೇಳ್ಯಾರ ಆದ್ರ ರಾತ್ರಿ ಎರಡು ಗಂಟಿಗಿ ಕೂಸು ಒದರೋವಾಗ ಜೀನೋಮ್ ಯಾರಿಗಿ ನೆನಪಾಗ್ತದ್ರಿ 😄

ತಂಗಿ, ನಂದೂ ಎರಡನೇದು ಸಿಜೇರಿಯನ್ನೇ. ನೀ ಅವ್ವಗ ಬೈಬ್ಯಾಡ, ಆಕಿಗಿ ಮಗಳು ಮಲಗಲಿ ಅಂತ ಅದ, ಅದಕ್ಕ ಬಾಟ್ಲಿ ಹಾಕ್ತಾಳ. ಆದ್ರ ಲೆಕ್ಕ ತಿಳ್ಕೋ, ಹಾಲು ಬರೋದು ಕೂಸು ಎಳದಷ್ಟು. ರಾತ್ರಿ ಬಾಟ್ಲಿ ಹಾಕಿದಿ ಅಂದ್ರ ಆ ಹೊತ್ತಿನ ಎಳಿಯೋದು ತಪ್ತು, ಮೈಗಿ ತಿಳೀತದ ಓಹೋ ಇಷ್ಟೇ ಸಾಕು ಅಂತ, ಮರುದಿನ ಇನ್ನೂ ಕಮ್ಮಿ, ಮತ್ತ ಬಾಟ್ಲಿ ದೊಡ್ದು. ಹಾಲು ಮಾಡೋ ಹಾರ್ಮೋನ್ ರಾತ್ರಿನೇ ಜಾಸ್ತಿ ಇರ್ತದಂತ ನಮ್ಮ ಆಶಾ ಕಾರ್ಯಕರ್ತಿ ಹೇಳಿದ್ಲು, ಹಂಗಾಗಿ ರಾತ್ರಿ ಬಾಟ್ಲಿನೇ ಮೊದಲು ಬಿಡಸಬೇಕು. ಕೂಸಿನ ಬಾಜೂಕೇ ಮಲಗಿಸ್ಕೋ, ಹೊಲಿಗಿ ನೋಯ್ತಿದ್ರ ಹೊಳ್ಳಿ ಮಲಗಿ ಕುಡಸು, ಒಂದು ಕಡಿ ಪೂರಾ ಖಾಲಿ ಮಾಡಿಸಿ ಆಮ್ಯಾಲ ಇನ್ನೊಂದು ಕಡಿ. ಡಬ್ಬಿ ಹಾಲು ಒಮ್ಮಿಗೇ ಬಂದ್ ಮಾಡಬ್ಯಾಡ, ಸ್ವಲ್ಪ ಸ್ವಲ್ಪ ಕಮ್ಮಿ ಮಾಡ್ಕೋತ ಹೋಗು, ಲಸಿಕಿಗಿ ಹೋದಾಗೊಮ್ಮೆ ತೂಕ ಮಾಡಸು, ತೂಕ ಏರ್ಲತ್ತದ ಅಂದ್ರ ಬಿಲ್ಕುಲ್ ಫಿಕರ್ ಬ್ಯಾಡ.

ಅಳ್ತದ ಅಂದ್ರ ಹಸಿವೇ ಅಂತ ಯಾರು ಹೇಳಿದ್ರು? ಸೆಕಿಗೂ ಅಳ್ತದ, ಒದ್ದಿ ಆದ್ರೂ ಅಳ್ತದ, ಸುಮ್ಮ ಎತ್ಕೋಲಿ ಅಂತಲೂ ಅಳ್ತದ. ಸಂಜಿ ಹೊತ್ತು ಕಾರಣೇ ಇಲ್ದ ಅಳೋದು ಮೊದಲ ಮೂರು ತಿಂಗಳು ಎಲ್ಲಾ ಕೂಸಿಗೂ ಇರ್ತದ.

ಅತ್ತಿ ಸುದ್ದಿ ಬಂದ್ರ, ಆಕಿಗಿ ಒಂದು ಕೆಲಸ ಕೊಡು. ಎಣ್ಣಿ ಹಚ್ಚಿ ತಿಕ್ಕೋದು, ಎರಿಯೋದು, ಜೋಗುಳ ಎಲ್ಲಾ ನಿಮ್ದೇ ಅತ್ತಿ, ಬಾಯಾಗ ಹಾಕೋದು ಅಷ್ಟೇ ಡಾಕ್ಟರ್ ಹೇಳ್ದಂಗ ಅಂತ ಹೇಳು. ನಮ್ಮನ್ಯಾಗ ನಡೀತು ಇದು. ಹಿರೇರಿಗಿ ಕೂಸಿನ ಮ್ಯಾಲ ಹಕ್ಕು ಬೇಕು, ಗುಟ್ಟಿ ಮ್ಯಾಲ ಅಲ್ಲ.

ಸುರಪುರ_ಹುಲಿ

ನಾವೆಲ್ಲಾ ಜೇನು ನೆಕ್ಕಿ, ಗುಟ್ಟಿ ಕುಡದು, ಎಮ್ಮಿ ಹಾಲು ಕುಡದೇ ಬೆಳದೀವಿ, ಏನ್ ಆಗ್ಯಾದ ನಮಗ? ಕಲ್ಲಿನಂಗ ಅದೀವಿ. ಈಗಿನವರಿಗಿ ಎಲ್ಲಾದಕ್ಕೂ ಬ್ಯಾಕ್ಟೀರಿಯಾ. ನಮ್ಮ ಮುತ್ಯಾ 90 ದಾಟ್ಯಾನ.

ಸಿಸ್ಟರ್_ಶಹಾಪುರ

ಹುಲಿ ಅಣ್ಣಾ, ಉಳದವರು ಬಂದು ನಾವು ಉಳದೀವಿ ಅಂತಾರ, ಉಳಿಯದೇ ಹೋದವರು ಬಂದು ಬರಿಯಂಗಿಲ್ಲ. ನಿಮ್ಮ ಮುತ್ಯಾನ ಬೆನ್ನಿಗಿ ಹುಟ್ಟಿದವರು ಎಷ್ಟು ಮಂದಿ, ಅದ್ರಾಗ ದೊಡ್ಡವರಾದವರು ಎಷ್ಟು ಅಂತ ಒಮ್ಮೆ ಮನ್ಯಾಗ ಕೇಳಿ ನೋಡ್ರಿ. ನಾ ಹೆರಿಗಿ ವಾರ್ಡಿನಾಗ ಕೆಲಸ ಮಾಡಾಕಿ, ಜಗಳಾ ಮಾಡ್ಲಾಕ ಬಂದಿಲ್ಲ, ಜೇನಿನ ಕಾರಣ ಹೇಳಿ ಹೋಗ್ತೀನಿ, ಯಾಕಂದ್ರ ಇದು ಮಾಸ್ತರ್ರು ಹೇಳಿದ್ದಕ್ಕೇ ಸೇರ್ತದ.

ಜೇನಿನಾಗ ಒಮ್ಮೊಮ್ಮೆ ಕ್ಲಾಸ್ಟ್ರಿಡಿಯಂ ಬಾಟುಲಿನಂ ಅನ್ನೋ ಬ್ಯಾಕ್ಟೀರಿಯಾದ ಬೀಜಕಣ ಇರ್ತಾವ, ಎಷ್ಟೇ ಶುದ್ಧ ಜೇನು ಇರ್ಲಿ, ಹೊಲದಾಗ ಕಣ್ಣ ಮುಂದ ಹಿಂಡಿದ್ದೇ ಇರ್ಲಿ. ನೀವು ನಾವು ತಿಂದ್ರ ಏನೂ ಆಗಂಗಿಲ್ಲ, ನಮ್ಮ ಕರುಳಿನಾಗ ಈಗಾಗಲೇ ತುಂಬಿ ಕುಂತ ಬ್ಯಾಕ್ಟೀರಿಯಾ ಅದಕ್ಕ ಮೊಳಕಿ ಒಡಿಯಾಕ ಬಿಡಂಗಿಲ್ಲ. ಕೂಸಿನ ಕರುಳಿನಾಗ ಆ ಕಾವಲು ಇನ್ನೂ ಕುಂತಿಲ್ಲ, ಬೀಜ ಮೊಳಕಿ ಒಡದು ವಿಷ ಮಾಡ್ತದ, ಕೂಸು ಮೆತ್ತಗ ಬೀಳ್ತದ, ಎಳಿಯೋ ಶಕ್ತಿ ಹೋಗ್ತದ, ಉಸಿರಾಟದ ತನಕ ಹೋಗ್ತದ. ಅಪರೂಪ ಖರೇ, ಆದ್ರ ಒಂದು ವರ್ಷ ತುಂಬೋ ತನಕ ಜೇನು ಬ್ಯಾಡ ಅಂದ್ರ ಬ್ಯಾಡ.

ನೀರಿನ ಸುದ್ದಿ. ಬ್ಯಾಸಗಿಯಾಗ ನಮ್ಮ ಕಡಿ 42-43 ಡಿಗ್ರಿ ಆಗ್ತದ, ಅತ್ತಿಗಿ ಹೆದರಿಕಿ ಆಗೋದು ಸಹಜ. ಆದ್ರ ಎದಿ ಹಾಲಿನಾಗ 87-88 ಪರ್ಸೆಂಟ್ ನೀರೇ ಅದ. ಆರು ತಿಂಗಳ ತನಕ ಎಷ್ಟು ಬಿಸಲಿದ್ರೂ ಬ್ಯಾರೆ ನೀರು ಬೇಕಾಗಂಗಿಲ್ಲ, ಡಬ್ಲ್ಯೂಎಚ್‌ಓ ಹೇಳೋದೂ ಅದೇ. ಸೆಕಿ ಜಾಸ್ತಿ ಆದ್ರ ಕೂಸಿಗಿ ಮತ್ತ ಮತ್ತ ಹಾಲು ಕುಡಸ್ರಿ, ನೀರು ನೀವು ಕುಡೀರಿ, ತಂಬಿಗಿ ಬಾಜೂಕೇ ಇರ್ಲಿ. ಆ ಹೊಟ್ಟಿ ಎಷ್ಟರದ್ರಿ, ನೀರು ತುಂಬಿದ್ರ ಹಾಲಿಗಿ ಜಾಗ ಎಲ್ಲಿ? ಮ್ಯಾಲ ನಮ್ಮ ಊರ ನಳದ ನೀರಿನ ಮ್ಯಾಲ ನಂಗಂತೂ ಭರೋಸ ಇಲ್ಲ. ಗುಟ್ಟಿನೂ ಹಂಗೇ, ಬಜಿ, ಜಾಯಿಕಾಯಿ, ಅಳಲಿಕಾಯಿ ಕೆಟ್ಟದ್ದು ಅಂತ ನಾ ಹೇಳ್ಲತ್ತಿಲ್ಲ, ಆದ್ರ ಆ ತೇಯೋ ಕಲ್ಲು, ಆ ನೀರು, ತೇಯೋರ ಉಗುರು, ಇವೆಲ್ಲಾ ಕೂಸಿನ ಬಾಯಾಗ ಹೋಗ್ತಾವ.

ಡಬ್ಬಿ ಹಾಲು ವಿಷ ಅಲ್ಲ, ಕೆಲವ್ರಿಗಿ ಬೇಕೇ ಬೇಕಾಗ್ತದ, ಹಂಗ ಕುಡಿಸೋ ತಾಯಂದ್ರಿಗಿ ನಾಚಿಕಿ ಮಾಡಬ್ಯಾಡ್ರಿ ಯಾರೂ. ಆದ್ರ ಕೊಡೋದು ಇದ್ರ ಸರಿಯಾಗಿ ಕೊಡ್ರಿ. ಆ ಪೌಡರ್ ಪೂರಾ ಕ್ರಿಮಿಮುಕ್ತ ಇರಂಗಿಲ್ಲ, ಅದಕ್ಕ ಕಾಸಿ ಇಳಿಸಿದ ನೀರು 70 ಡಿಗ್ರಿಗಿಂತ ಕೆಳಗ ಆರೋದ್ರಾಗ ಪೌಡರ್ ಹಾಕಿ ಕಲಸಿ, ಆಮ್ಯಾಲ ಆರಿಸಿ ಕುಡಿಸಬೇಕು. ಸಂಜಿಗಿ ಕಲಸಿ ರಾತ್ರಿ ಇಡೋದು ಬ್ಯಾಡ, ಡಬ್ಬಿ ಜಲ್ದಿ ತೀರ್ತದಂತ ನೀರು ಜಾಸ್ತಿ ಹಾಕೋದಂತೂ ಬ್ಯಾಡೇ ಬ್ಯಾಡ. ಬಾಟ್ಲಿ ಬಿಟ್ಟು ವಾಟಿ-ಚಮಚದಾಗ ಕುಡಸ್ರಿ, ತೊಳೀಲಾಕ ಸಸಾರ, ಕೂಸು ಬಾಟ್ಲಿ ನಿಪ್ಪಲ್‌ಗಿ ರೂಢಿ ಬೀಳಂಗಿಲ್ಲ. ಆಕಳದು ಎಮ್ಮಿದು ಹಾಲು ಕುಡಿಸೋದು ಒಂದು ವರ್ಷ ಆದ ಮ್ಯಾಲ.

ಮತ್ತ ಜುಲಾಬು ಆದ್ರ ಮೆಡಿಕಲ್ ಅಂಗಡಿಯಾಗ ಕೇಳಿ ಆಂಟಿಬಯಾಟಿಕ್ ಸಿರಪ್ ತರೋ ಚಟ ನಮ್ಮಲ್ಲಿ ಭಾಳ ಅದ. ಮಕ್ಕಳ ಜುಲಾಬು ಬಹಳಷ್ಟು ವೈರಸ್ಸಿಂದು, ಆ ಸಿರಪ್ ಅದಕ್ಕ ಏನೂ ಮಾಡಂಗಿಲ್ಲ, ಹೊಟ್ಟ್ಯಾನ ಒಳ್ಳೇವನ್ನ ಕೊಂದು ಹೋಗ್ತದ. ಎದಿ ಹಾಲು ನಿಲ್ಲಿಸ್ದೆ ಓಆರ್‌ಎಸ್, ಝಿಂಕ್. ಝಿಂಕ್ ಆರು ತಿಂಗಳ ಒಳಗಿನ ಕೂಸಿಗಿ 10 ಮಿಲಿಗ್ರಾಂ, ಮ್ಯಾಲಿನವರಿಗಿ 20, 14 ದಿನ, ಜುಲಾಬು ನಿಂತ್ರೂ ನಿಲ್ಲಿಸಬಾರದು. ನಿಮ್ಮ ಮಗಳು ಇನ್ನೂ ಭಾಳ ಸಣ್ಣಾಕಿ, ಆಕಿಗಿ ಜುಲಾಬು ಆದ್ರ ಮನ್ಯಾಗ ಇಟ್ಕೊಂಡು ನೋಡಬ್ಯಾಡ್ರಿ, ಅವತ್ತೇ ತೋರಸ್ರಿ. ರೋಟಾವೈರಸ್ ಲಸಿಕಿ 6, 10, 14 ವಾರಕ್ಕ ಸರ್ಕಾರಿ ದವಾಖಾನಿಯಾಗ ಫ್ರೀ ಅದ, ಹಾಕಸ್ಯಾರಿಲ್ಲ ಕಾರ್ಡ್ ನೋಡ್ರಿ.

ಕೂಸಿನವ್ವ, ಕಲಬುರಗಿ

ಎಲ್ಲಾರಿಗೂ ಭಾಳ ಥ್ಯಾಂಕ್ಸ್ ರಿ, ಓದಿ ಅರ್ಧ ಎದಿ ಹಗರಾಯ್ತು. ಅವ್ವಗ ಸಿಸ್ಟರ್ ಬರದಿದ್ದು ಓದಿ ಹೇಳ್ದೆ, ಎಳಿಯೋ ಶಕ್ತಿ ಹೋಗ್ತದ ಅಂದ ಕೂಡ್ಲೇ ಜೇನಿನ ಬಾಟ್ಲಿ ಮ್ಯಾಲಿನ ಮಾಡಕ್ಕ ಹೋಯ್ತು. ಲಸಿಕಿ ಕಾರ್ಡ್ ನೋಡಿದೆ, ಮೊದಲಿಂದು ಆಗ್ಯಾದ.

ಇನ್ನೂ ಎರಡು ಅವ. ಆ ಡ್ರಾಪ್ಸ್ ತರಬೇಕೋ ಬ್ಯಾಡೋ ಯಾರೂ ಹೇಳ್ಲಿಲ್ಲ, ನೆಗೆಣ್ಣಿ ಆರ್ಡರ್ ಮಾಡ್ಲಾ ಅಂತ ಕುಂತಾಳ. ಇನ್ನೊಂದು ನಂದಲ್ಲ, ನಮ್ಮಕ್ಕನ ಮಗಂದು, ಎಂಟು ತಿಂಗಳು ಆಗ್ಯಾವ, ಎದಿ ಹಾಲು ಬಿಟ್ರ ಚಹಾದಾಗ ಅದ್ದಿದ ಬಿಸ್ಕೀಟ್ ಅಷ್ಟೇ ತಿಂತಾನ, ಬ್ಯಾಳಿ ಕಟ್ಟು ಕೊಟ್ರ ಉಗುಳ್ತಾನ. ಅವಂಗ ಏನ್ ಕೊಟ್ರ ಆ ಬ್ಯಾಕ್ಟೀರಿಯಾ ಛಲೋ ಬೆಳೀತಾವ?

ಹುಮನಾಬಾದ್_ಮಾಸ್ತರ

ಡ್ರಾಪ್ಸ್ ಬಗ್ಗಿ ನನ್ನ ಅಭಿಪ್ರಾಯ: ಡಾಕ್ಟರ್ ಬರದು ಕೊಡ್ಲಿಲ್ಲಂದ್ರ ಬ್ಯಾಡ. ಪ್ರೊಬಯಾಟಿಕ್ (ಒಳ್ಳೆ ಬ್ಯಾಕ್ಟೀರಿಯಾನ ಔಷಧದಂಗ ಕುಡಿಸೋದು) ಅನ್ನೋದೇ ಮೋಸ ಅಂತಲ್ಲ. ನಮ್ಮ ದೇಶದಾಗೇ ಒಡಿಶಾದ ಹಳ್ಳಿಗಳಾಗ 4,556 ಕೂಸುಗಳ ಮ್ಯಾಲ ಮಾಡಿದ ಟ್ರಯಲ್ 2017ರಾಗ ನೇಚರ್‌ನಾಗ ಬಂತು, ಪಿನಾಕಿ ಪಾಣಿಗ್ರಾಹಿ ಅನ್ನೋರು ಮುಂದ ನಿಂತು ಮಾಡಿದ್ದು. ಹುಟ್ಟಿದ ಕೆಲವು ದಿನದಾಗ ಶುರು ಮಾಡಿ ಏಳು ದಿನ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್ಮಿನ ಒಂದು ತಳಿ, ಜೋಡಿಗಿ ಅದು ತಿನ್ನೋ ಸಕ್ಕರಿ ಕೊಟ್ರು. ನಂಜು ಏರೋದು ಮತ್ತ ಸಾವು ಎರಡೂ ಸೇರಿ 9 ಪರ್ಸೆಂಟಿಂದ 5.4ಕ್ಕ ಇಳೀತು. ಸಣ್ಣ ಮಾತಲ್ಲ ಇದು, ನಂಗ ಇವತ್ತಿಗೂ ಕ್ಲಾಸಿನಾಗ ಹೇಳೋವಾಗ ರೋಮಾಂಚನ ಆಗ್ತದ.

ಆದ್ರ ನೋಡ್ರಿ, ಅದು ಆ ಒಂದು ತಳಿ, ಆ ವಯಸ್ಸು, ಆ ಡೋಸು, ಎದಿ ಹಾಲು ಕುಡಿಯೋ ಕೂಸುಗಳು. ವಿಡಿಯೋದವನ ಬಾಟ್ಲ್ಯಾಗ ಯಾವ ತಳಿ ಅದ, ಅದು ಜೀವಂತ ಅದನೋ ನಮ್ಮ ಬಿಸಲಾಗ ಕೊರಿಯರ್ ಗಾಡ್ಯಾಗೇ ಸತ್ತದನೋ ಯಾರಿಗಿ ಗೊತ್ತು? ದಿನ ತುಂಬದ ಕೂಸುಗಳಿಗಿ ಇಂಥ ಪ್ರೊಬಯಾಟಿಕ್ ಕೊಟ್ರ ರಕ್ತಕ್ಕ ಸೋಂಕು ಏರೋ ಅಪಾಯ ಅದ ಅಂತ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಎಫ್‌ಡಿಎ 2023ರ ಅಕ್ಟೋಬರ್‌ನಾಗ ಎಚ್ಚರಿಕಿ ಕೊಟ್ಟದ. ನಿಮ್ಮ ಮಗಳು ದಿನ ತುಂಬಿ ಹುಟ್ಟಿ ತೂಕ ಏರ್ಲತ್ತಾಳ ಅಂದ್ರ ಆಕಿಗಿ ಇಲ್ಲದ ರೋಗಕ್ಕ ಇಲ್ಲದ ಔಷಧ ಯಾಕ? ನೆಗೆಣ್ಣಿಗಿ ಹೇಳ್ರಿ, ಆ ರೊಕ್ಕದಾಗ ಬಾಣಂತಿಗಿ ಶೇಂಗಾ, ತುಪ್ಪ, ಉತ್ತುತ್ತಿ ತಂದು ಕೊಡು ಅಂತ.

ಎಂಟು ತಿಂಗಳ ಹುಡುಗನ ಸುದ್ದಿಗಿ ಒಂದು ಕಥಿ ಅದ. ಅಮೆರಿಕದ ಸೇಂಟ್ ಲೂಯಿಸ್‌ನಾಗ ಜೆಫ್ರಿ ಗಾರ್ಡನ್ ಅಂತ ವಿಜ್ಞಾನಿ, ಅವರು ಢಾಕಾದ ಐಸಿಡಿಡಿಆರ್‌ಬಿ ಅನ್ನೋ ಆರೋಗ್ಯ ಸಂಶೋಧನಾ ಸಂಸ್ಥಾದವರ ಜೋಡಿ ಸೇರಿ ವರ್ಷಗಟ್ಲೆ ನೋಡಿದ್ರು, ಸೊರಗಿದ ಮಕ್ಕಳ ಹೊಟ್ಟ್ಯಾನ ಬ್ಯಾಕ್ಟೀರಿಯಾ ಅವರ ವಯಸ್ಸಿಗಿಂತ ಸಣ್ಣ ಕೂಸಿಂದಿದ್ದಂಗ ಉಳಕೊಂಡಿರ್ತದ, ಬರೀ ಕ್ಯಾಲೊರಿ ತುಂಬಿದ್ರ ಅದು ಬೆಳಿಯಂಗಿಲ್ಲ. ಆಮ್ಯಾಲ ಯಾವ ಊಟ ಆ ಬ್ಯಾಕ್ಟೀರಿಯಾನ ಬೆಳೆಸ್ತದ ಅಂತ ಹುಡುಕಿ ಕಡೀಗಿ ಆರಿಸಿದ್ದು ಏನು ಗೊತ್ತೇನ್ರಿ? ಕಡ್ಲಿ ಹಿಟ್ಟು, ಶೇಂಗಾ, ಸೋಯಾ ಹಿಟ್ಟು, ಹಸರು ಬಾಳಿಕಾಯಿ! ಢಾಕಾದ ಮೀರ್‌ಪುರ್ ಕೊಳಗೇರಿಯಾಗ 12ರಿಂದ 18 ತಿಂಗಳ ಸೊರಗಿದ ಮಕ್ಕಳಿಗಿ ಮೂರು ತಿಂಗಳು ಕೊಟ್ಟು ನೋಡಿದ್ರು, ರೂಢಿಯಾಗ ಕೊಡೋ ತಯಾರಿ ಪ್ಯಾಕೆಟ್‌ಗಿಂತ ಇದ್ರಾಗ ಕ್ಯಾಲೊರಿ ಕಮ್ಮಿ, ಆದ್ರೂ ಮಕ್ಕಳ ಬೆಳವಣಿಗಿ ಇದ್ರಾಗೇ ಜಾಸ್ತಿ ಆಯ್ತು. 2021ರಾಗ ಬಂದದ್ದು. ಕಡ್ಲಿ, ಶೇಂಗಾ ನಮ್ಮ ಅಡಗಿಮನ್ಯಾಗ ಯಾವಾಗ್ಲೂ ಇರೋವೇ, ನಾವು ಅವನ್ನ ಚಟ್ನಿಗಿ ಇಟ್ಟು ಕೂಸಿಗಿ ಬಿಸ್ಕೀಟ್ ತರ್ತೀವಿ. ನಿಮ್ಮ ಅಕ್ಕನ ಮಗ ಸೊರಗ್ಯಾನ ಅಂತ ನಾ ಹೇಳ್ಲತ್ತಿಲ್ಲ ಮತ್ತ, ಊಟದ ನಮೂನಿ ಲೆಕ್ಕಕ್ಕ ಬರ್ತದ ಅನ್ನೋದು ಇದ್ರಿಂದ ತಿಳೀತದ.

ಅಂಗನವಾಡಿ_ಟೀಚರ್, ಚಿಂಚೋಳಿ

ಮಾಸ್ತರ್ ಸರ್ ಢಾಕಾ ತನಕ ಹೋಗಿ ಬಂದ್ರು, ನಾ ಒಲಿ ಮುಂದಿನ ಮಾತು ಹೇಳ್ತೀನಿ.

ಬ್ಯಾಳಿ ಕಟ್ಟು ಬಂದ್ ಮಾಡ್ರಿ ಮೊದಲು. ಮ್ಯಾಲಿನ ನೀರಿನಾಗ ಏನ್ ಇರ್ತದ್ರಿ, ಬ್ಯಾಳಿ ಎಲ್ಲಾ ಗಡಗಿ ತಳದಾಗ ಕುಂತಿರ್ತದ, ಅದನ್ನ ಮನಿ ಮಂದಿ ತಿಂತಾರ, ಕೂಸಿಗಿ ಹಳದಿ ನೀರು! ತೊಗರಿ ಬ್ಯಾಳಿಗಿ ನಮ್ಮ ಜಿಲ್ಲಾ 2019ರಾಗ ಜಿಐ ಟ್ಯಾಗ್ (ಇದು ಈ ಊರಿನದೇ ಬೆಳಿ ಅನ್ನೋ ಗುರುತು) ತಗೊಂಡದ, ನಮ್ಮ ಕೂಸಿಗೇ ಬ್ಯಾಳಿ ಸಿಗಂಗಿಲ್ಲ. ಎರಡು ಪಾಲು ಅಕ್ಕಿ ಇಲ್ಲ ಜ್ವಾಳದ ನುಚ್ಚು, ಒಂದು ಪಾಲು ಬ್ಯಾಳಿ, ಮೆತ್ತಗ ಕುದಿಸಿ ಚಮಚ ಓರಿ ಮಾಡಿದ್ರೂ ಬೀಳಬಾರದು ಅಷ್ಟು ಗಟ್ಟಿ ಹಿಚುಕಬೇಕು, ಮ್ಯಾಲ ಒಂದು ಚಮಚ ತುಪ್ಪ. ಅದ್ರಾಗ ಒಂದು ದಿನ ಪಾಲಕ್, ಒಂದು ದಿನ ಗಜ್ಜರಿ, ಒಂದು ದಿನ ಕುಂಬಳಕಾಯಿ. ಶೇಂಗಾ ಹುರದು ಸಿಪ್ಪಿ ತಗದು ಸಣ್ಣ ಪುಡಿ ಮಾಡಿ ಬೆರಸ್ರಿ, ಇಡೀ ಕಾಳು ಬಿಲ್ಕುಲ್ ಕೊಡಬ್ಯಾಡ್ರಿ, ಗಂಟ್ಲಾಗ ಸಿಕ್ಕೊಂತದ. ಪುಟಾಣಿ ಹಿಟ್ಟೂ ಹಂಗೇ. ತತ್ತಿ ತಿನ್ನೋ ಮನಿ ಇದ್ರ ಪೂರಾ ಬೇಯಿಸಿದ ತತ್ತಿ ಕೊಡ್ರಿ, ಹಳದಿ ಬಿಳಿ ಎರಡೂ. ಮನಿ ಮೊಸರು ಬಾಳಿಹಣ್ಣು ಹಿಚುಕಿ ಕೊಟ್ರ ಹುಡುಗ್ರು ಬಾಯಿ ತಗೀತಾವ. ವರ್ಷದ ಒಳಗ ಉಪ್ಪು ಸಕ್ಕರಿ ಹಾಕೋದು ಬ್ಯಾಡ.

ಉಗುಳ್ತಾನ ಅಂದ್ರ ಒಲ್ಲೆ ಅಂತಲ್ಲ, ಹೊಸದು ನಾಲಿಗ್ಗಿ ತಾಕಿದಾಗ ಎಲ್ಲಾ ಮಕ್ಕಳೂ ಹೊರಗ ತಳ್ತಾವ. ಎರಡು ದಿನ ಬಿಟ್ಟು ಅದನ್ನೇ ಮತ್ತ ಕೊಡಬೇಕು, ಎಂಟು ಹತ್ತು ಸಲ ಕೊಟ್ಟ ಮ್ಯಾಲ ಹಿಡಿಯೋ ಮಕ್ಕಳು ಭಾಳ. ಚಹಾ ಮಾತ್ರ ಇವತ್ತೇ ನಿಲ್ಲಸ್ರಿ, ಊಟದಾಗಿನ ಕಬ್ಬಿಣಾಂಶ ಮೈಗಿ ಹತ್ತಾಕ ಬಿಡಂಗಿಲ್ಲ ಅದು, ಬಿಸ್ಕೀಟಿನಾಗ ಮೈದಾ ಸಕ್ಕರಿ ಬಿಟ್ರ ಏನೂ ಇಲ್ಲ. ಎದಿ ಹಾಲು ಎರಡು ವರ್ಷದ ತನಕ ನಡೀಲಿ. ಅಂಗನವಾಡಿಗಿ ಕರ್ಕೊಂಡು ಬಂದು ತೂಕ ಉದ್ದ ನೋಡಸ್ರಿ, ಫ್ರೀ ಅದ, ಪೋಷಣ ಟ್ರ್ಯಾಕರ್ ಅನ್ನೋ ಸರ್ಕಾರಿ ಆ್ಯಪ್‌ನಾಗ ಬರೀತೀವಿ, ಕೆಂಪು ಗೆರಿ ಕೆಳಗ ಇದ್ದಾನ ಅಂದ್ರ ಎನ್‌ಆರ್‌ಸಿಗಿ ನಾವೇ ಕಳಸ್ತೀವಿ, ಅದು ಸೊರಗಿದ ಮಕ್ಕಳನ್ನ ಇಟ್ಕೊಂಡು ಆರೈಕಿ ಮಾಡೋ ಕೇಂದ್ರ.

ಸುರಪುರ_ಹುಲಿ

ಟೀಚರ್ರ, ಸಜ್ಜಿ ಹಿಟ್ಟಿನ ಗಂಜಿ ನಡೀತದೇನ್ರಿ ಎಂಟು ತಿಂಗಳಿಗಿ? ನಮ್ಮ ಅಣ್ಣನ ಮಗಳಿಗಿ ಕೇಳ್ಲತ್ತೀನಿ.

ಅಂಗನವಾಡಿ_ಟೀಚರ್, ಚಿಂಚೋಳಿ

ನಡೀತದ ಅಣ್ಣಾ, ಸಜ್ಜಿ ರಾತ್ರಿ ನೆನೆಸಿ, ಬಟ್ಟಿಯಾಗ ಕಟ್ಟಿ ಮೊಳಕಿ ಬರಿಸಿ, ಒಣಗಿಸಿ ಹುರದು ಬೀಸಿದ್ರ ಇನ್ನೂ ಛಲೋ, ಗಂಜಿ ಅಂಟಂಗಿಲ್ಲ, ಜಲ್ದಿ ಅರಗ್ತದ. ಮಗಳು ಹೆಂಗ ತಿಂದ್ಲು ಬಂದು ಹೇಳ್ರಿ.

ಕೂಸಿನವ್ವ, ಕಲಬುರಗಿ

ಟೀಚರ್ ಅಕ್ಕಾರ ಇದನ್ನ ಹಂಗೇ ನಮ್ಮಕ್ಕಗ ಫಾರ್ವರ್ಡ್ ಮಾಡೀನಿ. ಡ್ರಾಪ್ಸ್ ಬ್ಯಾಡ ಅಂತ ಹೇಳ್ದೆ, ನೆಗೆಣ್ಣಿ ಮುಖ ಊದಿಸ್ಯಾಳ, ಇರ್ಲಿ. ಕಡೀ ಪ್ರಶ್ನೆ ಸಿಸ್ಟರಿಗಿ, ಬಾಟ್ಲಿ ಕಮ್ಮಿ ಮಾಡಿದಾಗಿಂದ ಸಂಡಾಸ ನಮೂನಿನೇ ಬದಲಾಗ್ಯಾದ, ಮೊದಲು ಗಟ್ಟಿ ಕಂದು ಬಣ್ಣ ಇತ್ತು, ಈಗ ತೆಳ್ಳಗ ಹಳದಿ, ಒಳಗ ಸಣ್ಣ ಸಣ್ಣ ಕಾಳು ಇದ್ದಂಗ, ಹುಳಿ ವಾಸನಿ. ಜುಲಾಬು ಅಲ್ಲಲ್ರಿ?

ಸಿಸ್ಟರ್_ಶಹಾಪುರ

ಅಲ್ರಿ, ಎದಿ ಹಾಲಿನ ಸಂಡಾಸ ಇರೋದೇ ಹಂಗ, ಆ ಹುಳಿ ವಾಸನಿ ಮಾಸ್ತರ್ರು ಹೇಳಿದ ಆಸಿಡ್ಡಿಂದೇ. ದಿನಕ್ಕ ನಾಕೈದು ಸಲ ಆದ್ರೂ ನಡೀತದ, ನಾಕು ದಿನಕ್ಕೊಮ್ಮೆ ಆದ್ರೂ ನಡೀತದ, ಮೆತ್ತಗ ಇದ್ದು ಕೂಸು ಛಲೋ ಕುಡದು ಆಡ್ಲತ್ತದ ಅಂದ್ರ ಬಿಟ್ಟುಬಿಡ್ರಿ. ದಿನಕ್ಕ ಆರು ಸಲಕ್ಕ ಕಮ್ಮಿ ಇಲ್ದಂಗ ಉಚ್ಚಿ ಹೊಯ್ತಾಳೋ ಅದನ್ನ ನೋಡ್ಕೋತ ಇರ್ರಿ. ರಕ್ತ ಕಂಡ್ರ, ಬೆಳ್ಳಗ ಸುಣ್ಣದಂಗ ಆದ್ರ, ಒಮ್ಮಿಗೇ ನೀರು ನೀರು ಆಗಿ ಎಣಿಸ್ಲಾಕ ಆಗದಷ್ಟು ಸಲ ಆದ್ರ, ಹಸರು ವಾಂತಿ ಮಾಡಿದ್ರ, ಜ್ವರ ಬಂದ್ರ, ಎಳಿಯೋದು ಬಿಟ್ರ, ಇಲ್ಲಿ ಬಂದು ಕೇಳ್ಕೋತ ಕೂಡಬ್ಯಾಡ್ರಿ, ಸೀದಾ ದವಾಖಾನಿಗಿ ಓಡ್ರಿ. ಮತ್ತ ವಿಟಮಿನ್ ಡಿ ಡ್ರಾಪ್ಸ್ ಬರದು ಕೊಟ್ಟಿರ್ತಾರ ನೋಡ್ರಿ, ದಿನಾ 400 ಯೂನಿಟ್, ಒಂದು ವರ್ಷದ ತನಕ. ಡ್ರಾಪ್ಸ್ ಬ್ಯಾಡ ಅಂದ್ರು ಅಂತ ಅದನ್ನೂ ನಿಲ್ಲಿಸಿ ಗಿಲ್ಲಿಸೀರಿ.